ಮೊದಲು ಅಗೆದವನ ಅಧಿಕಾರ: ಕಿಂಗ್ಸ್ ಕ್ರಾಸ್ ನಿಲ್ದಾಣದ ವಿನ್ಯಾಸ ಮೀಮಾಂಸೆ

ಲಂಡನ್ನಿನ ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಾಸ್ ನೆಲದಡಿಯ ನಿಲ್ದಾಣಕ್ಕೆ ಆರು ಮಾರ್ಗಗಳ ರೈಲು ಬರುತ್ತವೆ. ಪ್ಲಾಟ್‌ಫಾರ್ಮ್‌ಗಳು ಎಂಟು. ಮೆಟ್ರೊಪಾಲಿಟನ್, ಸರ್ಕಲ್, ಹ್ಯಾಮರ್‌ಸ್ಮಿತ್ ಆ್ಯಂಡ್ ಸಿಟಿ ಮಾರ್ಗಗಳಿಗೆ ರಸ್ತೆಯ ಕೆಳಗೇ ಎರಡು, ಆಳದಲ್ಲಿ ವಿಕ್ಟೋರಿಯಾ, ಪಿಕಡಿಲಿ, ನಾರ್ದರ್ನ್ ಮಾರ್ಗಗಳಿಗೆ ಎರಡೆರಡು. ಇವು ಒಂದೇ ಮಟ್ಟದಲ್ಲೂ ಇಲ್ಲ, ಒಂದೇ ದಿಕ್ಕಿಗೂ ಇಲ್ಲ. ಒಂದು ಗಾಡಿ ಇಳಿದು ಇನ್ನೊಂದನ್ನು ಹಿಡಿಯಹೊರಟವರು ಹತ್ತಿ, ಇಳಿದು, ಬಳಸಿ, ಬಾಣದ ಗುರುತುಗಳ ಹಿಂದೆ ನಡೆದೂ ನಡೆದೂ ಸುಸ್ತಾಗಿ, ಇದನ್ನು ಕಟ್ಟಿದ ಪುಣ್ಯಾತ್ಮ ಯಾರಪ್ಪಾ ಎಂದು ಗೊಣಗುತ್ತಾರೆ. ಆ ಗೊಣಗಾಟವನ್ನೇ ಇಲ್ಲಿ ವಿಚಾರಣೆಗೆ ತೆಗೆದುಕೊಂಡಿದ್ದೇನೆ.

ವಿಷಯ ಇಷ್ಟು: ನೆಲದಡಿಯ ನಿಲ್ದಾಣದ ವಿನ್ಯಾಸವನ್ನು ನಿರ್ಧರಿಸುವವರು ಯಾರು? ನಕ್ಷೆ ಬರೆಯುವ ಇಂಜಿನಿಯರ್ ಎಂಬುದು ಒಂದು ಪಕ್ಷ. ಹಣ ಹಾಕುವ ಕಂಪನಿಯೋ ಸರ್ಕಾರವೋ ಎಂಬುದು ಇನ್ನೊಂದು. ನನ್ನ ಪಕ್ಷ ಬೇರೆ. ಅಲ್ಲಿ ಮೊದಲು ಅಗೆದವನೇ ಅದರ ನಿಜವಾದ ವಿನ್ಯಾಸಕಾರ. ಆಮೇಲೆ ಬಂದವರೆಲ್ಲ ಅವನು ಬಿಟ್ಟುಹೋದ ಜಾಗದಲ್ಲಿ ಚೌಕಾಸಿ ಮಾಡುವವರು. ನಿಲ್ದಾಣದ ಅನಾನುಕೂಲಗಳು ಮಾತ್ರವಲ್ಲ, ಅಪಾಯಗಳೂ ಈ ಚೌಕಾಸಿ ನಡೆದ ಬೆಸುಗೆಗಳಲ್ಲೇ ಅಡಗಿರುತ್ತವೆ. ಇದನ್ನು ಸಾಧಿಸಲು ಮೊದಲು ಅಗೆತದ ಕಥೆ ಹೇಳಬೇಕು.

ಕಥೆ ರೈಲಿನಿಂದ ಶುರುವಾಗುವುದಿಲ್ಲ, ದನಗಳಿಂದ ಶುರುವಾಗುತ್ತದೆ. ಸ್ಮಿತ್‌ಫೀಲ್ಡ್ ಮಾರುಕಟ್ಟೆಗೆ ಹೋಗುವ ದನಕುರಿಗಳ ಹಿಂಡು ಊರೊಳಗಿನ ಬೀದಿಗಳನ್ನು ತುಳಿಯದಿರಲಿ ಎಂದು 1756ರಲ್ಲಿ ಲಂಡನ್ನಿನ ಉತ್ತರದ ಅಂಚಿಗೆ ನ್ಯೂ ರೋಡ್ ಎಂಬ ಅಗಲ ರಸ್ತೆಗೆ ಕಾಯ್ದೆಯಾಯಿತು. ಈಗಿನ ಯೂಸ್ಟನ್ ರೋಡ್ ಅದರದೇ ತುಂಡು. ಊರು ಬೆಳೆದು ರಸ್ತೆಯನ್ನು ನುಂಗಿದರೂ ರಸ್ತೆಯ ಅಗಲ ಉಳಿಯಿತು. ದೂರದ ಊರುಗಳ ರೈಲು ಕಂಪನಿಗಳು ಊರೊಳಗೆ ನುಗ್ಗಲಾಗದೆ ಈ ಅಂಚಿನಲ್ಲೇ ತಮ್ಮ ನಿಲ್ದಾಣಗಳನ್ನು ಕಟ್ಟಿಕೊಂಡವು. 1852ರಲ್ಲಿ ಗ್ರೇಟ್ ನಾರ್ದರ್ನ್ ಕಂಪನಿಯ ಕಿಂಗ್ಸ್ ಕ್ರಾಸ್ ಬಂತು, 1868ರಲ್ಲಿ ಅದರ ಮಗ್ಗುಲಿಗೇ ಮಿಡ್‌ಲ್ಯಾಂಡ್ ಕಂಪನಿಯ ಸೇಂಟ್ ಪ್ಯಾಂಕ್ರಾಸ್. ಈ ಅಂಚಿನ ನಿಲ್ದಾಣಗಳಿಂದ ವ್ಯಾಪಾರದ ಪೇಟೆಗೆ ಜನರನ್ನು ಒಯ್ಯುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೇ ಜಗತ್ತಿನ ಮೊದಲ ನೆಲದಡಿಯ ರೈಲು. 1863ರ ಜನವರಿ 10ರಂದು ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಓಡಿದ ಮೆಟ್ರೊಪಾಲಿಟನ್ ರೈಲು ಅದು, ಸುಮಾರು 6 ಕಿಲೋಮೀಟರ್ ದೂರ. ಕಿಂಗ್ಸ್ ಕ್ರಾಸ್ ಅದರ ಮೊದಲ ದಿನದ ನಿಲ್ದಾಣಗಳಲ್ಲೊಂದು. ಈ ಯೋಜನೆಗಾಗಿ ವರ್ಷಗಟ್ಟಲೆ ಹೋರಾಡಿದ ಚಾರ್ಲ್ಸ್ ಪಿಯರ್ಸನ್ ಅದು ಓಡುವುದನ್ನು ಕಾಣದೆ, ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದ.

ಅದನ್ನು ತೋಡಿದ ರೀತಿ ನಮ್ಮ ವಾದಕ್ಕೆ ಮುಖ್ಯ. ರಸ್ತೆಯನ್ನು ಮೇಲಿನಿಂದ ಸೀಳಿ ಕಂದಕ ತೆಗೆದು, ಇಟ್ಟಿಗೆಯ ಗೋಡೆ ಕಟ್ಟಿ, ಕಮಾನು ಮುಚ್ಚಿ, ಮೇಲೆ ಮತ್ತೆ ರಸ್ತೆ ಹಾಸುವ ರೀತಿ ಅದು. ಎರಡು ಬದಿಯ ಮನೆಗಳನ್ನು ಕೊಳ್ಳುವ ಬದಲು ರಸ್ತೆಯ ಅಡಿಯಲ್ಲೇ ಸಾಗುವುದು ಅಗ್ಗ. ಹಾಗಾಗಿ ಮೊದಲ ರೈಲು ಬಹುದೂರ ದನಗಳ ದಾರಿಯನ್ನೇ ಹಿಡಿಯಿತು. ಎಳೆಯುತ್ತಿದ್ದುದು ಉಗಿಬಂಡಿ, ಹೊಗೆ ಹೊರಹೋಗಬೇಕು, ಆದ್ದರಿಂದ ಹೆಚ್ಚು ಆಳಕ್ಕೆ ಇಳಿಯುವಂತಿರಲಿಲ್ಲ. ಹೀಗೆ ನೆಲದ ಮೊದಲ ಪದರ ಭರ್ತಿಯಾಯಿತು. ಮುಂದೆ ಬರುವವನು ಅದರ ಕೆಳಗೇ ಹೋಗಬೇಕು, ಬೇರೆ ಗತಿಯಿಲ್ಲ.

ಕೆಳಗೆ ಹೋಗುವ ವಿದ್ಯೆ 1890ರಲ್ಲಿ ಕೈಗೂಡಿತು. ಲಂಡನ್ನಿನ ಜೇಡಿಮಣ್ಣಿನಲ್ಲಿ ಉಕ್ಕಿನ ಕವಚ ತಳ್ಳಿಕೊಂಡು ದುಂಡನೆಯ ಕೊಳವೆ ಕೊರೆಯುವುದು, ವಿದ್ಯುತ್ತಿನಿಂದ ಗಾಡಿ ಓಡಿಸುವುದು, ಎರಡೂ ಕೂಡಿ ಬಂದವು. 1906ರ ಡಿಸೆಂಬರಿನಲ್ಲಿ ಪಿಕಡಿಲಿ ಮಾರ್ಗ ಕಿಂಗ್ಸ್ ಕ್ರಾಸ್‌ನ ಆಳಕ್ಕೆ ಬಂತು. ಐದು ತಿಂಗಳಲ್ಲಿ, 1907ರ ಮೇ ತಿಂಗಳಲ್ಲಿ, ಈಗ ನಾರ್ದರ್ನ್ ಎನ್ನುವ ಮಾರ್ಗವೂ ಬಂತು. ಎರಡೂ ಬೇರೆ ಬೇರೆ ಕಂಪನಿಗಳು. ಖಾಸಗಿ ಜಮೀನಿನಡಿ ಕೊರೆದರೆ ಮಾಲೀಕನಿಗೆ ಪರಿಹಾರ ಕೊಡಬೇಕಾದ ಕಾಲ ಅದು, ಹಾಗಾಗಿ ಈ ಕೊಳವೆಗಳೂ ಸಾಧ್ಯವಾದಷ್ಟು ರಸ್ತೆಗಳ ಅಡಿಯಲ್ಲೇ ಹೊರಳಿದವು. ಮೇಲೆ ಯಾರೋ ಗೆರೆ ಎಳೆದ ರಸ್ತೆಗಳು, ಕೆಳಗೆ ಅವುಗಳ ನೆರಳಿನಂಥ ಸುರಂಗಗಳು.

ಇಲ್ಲಿ ಒಂದಿಷ್ಟು ಜ್ಯಾಮಿತಿ ಬೇಕು. ನಿಲ್ದಾಣದ ವಿನ್ಯಾಸದ ಬಗ್ಗೆ ಮಾತಾಡುವವರು ಹೆಚ್ಚಾಗಿ ಬಿಟ್ಟುಬಿಡುವ ಭಾಗ ಇದೇ. ಆರಂಭದಲ್ಲಿ ಜನ ಲಿಫ್ಟಿನಲ್ಲಿ ಇಳಿಯುತ್ತಿದ್ದರು. ಲಿಫ್ಟ್ ನೇರ ಕೆಳಗೆ ಹೋಗುತ್ತದೆ, ಆದ್ದರಿಂದ ಟಿಕೆಟ್ ಕೊಡುವ ಜಾಗ ಪ್ಲಾಟ್‌ಫಾರ್ಮಿನ ತಲೆಯ ಮೇಲೇ ಇದ್ದರಾಯಿತು. 1911ರಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣದಲ್ಲಿ ಲಂಡನ್ ಭೂಗತ ರೈಲಿನ ಮೊದಲ ಎಸ್ಕಲೇಟರ್ ಬಂದ ಮೇಲೆ ಈ ಲೆಕ್ಕ ಬದಲಾಯಿತು. ಎಸ್ಕಲೇಟರ್ 30 ಡಿಗ್ರಿ ಓರೆಯಲ್ಲಿ ಏರುತ್ತದೆ. 15 ಮೀಟರ್ ಆಳಕ್ಕೆ 30 ಮೀಟರ್ ಉದ್ದದ ಮೆಟ್ಟಿಲುಸಾಲು ಬೇಕು, ಅದರ ಎರಡು ತುದಿಗಳ ನಡುವೆ ಅಡ್ಡಡ್ಡಲಾಗಿ ಸುಮಾರು 26 ಮೀಟರ್ ಅಂತರ ಬೀಳುತ್ತದೆ. ಅಂದರೆ ಟಿಕೆಟ್ ಹಜಾರ ಪ್ಲಾಟ್‌ಫಾರ್ಮಿನ ಮೇಲಿರುವಂತಿಲ್ಲ, ಅಷ್ಟು ದೂರ ಪಕ್ಕಕ್ಕೆ ಸರಿಯಲೇಬೇಕು. ಆ ಪಕ್ಕದಲ್ಲಿ ಖಾಲಿ ಜಾಗ ಇರಬೇಕು. ಎರಡು ಮಾರ್ಗಗಳ ಎಸ್ಕಲೇಟರುಗಳನ್ನು ಒಂದೇ ಹಜಾರಕ್ಕೆ ತರಬೇಕೆಂದರೆ ಎರಡು ಓರೆಗೆರೆಗಳು ಸಂಧಿಸುವಲ್ಲೇ ಹಜಾರ ತೋಡಬೇಕು, ಹಾಗೆ ತೋಡುವಾಗ ನಡುವೆ 1863ರ ಕಂದಕವೂ, ಚರಂಡಿಗಳೂ, ಮೇಲಿನ ರೈಲು ನಿಲ್ದಾಣದ ಅಡಿಪಾಯವೂ ಸಿಗಬಾರದು. ಆಯ್ಕೆ ಎಷ್ಟು ಉಳಿಯಿತು? ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದ ಮುಂದಿನ ಅಂಗಳದ ಅಡಿ. 1939ರಲ್ಲಿ ಪಿಕಡಿಲಿ, ನಾರ್ದರ್ನ್ ಎರಡಕ್ಕೂ ಸೇರಿ ಎಸ್ಕಲೇಟರ್ ಸಹಿತ ಹೊಸ ಹಜಾರ ಬಂದದ್ದು ಅಲ್ಲೇ. ನಾರ್ದರ್ನ್ ಎಲ್ಲಕ್ಕಿಂತ ಆಳದಲ್ಲಿದ್ದುದರಿಂದ ಅಲ್ಲಿಂದ ಬರುವವರು ಮೊದಲು ಒಂದು ಎಸ್ಕಲೇಟರ್ ಹತ್ತಿ ಪಿಕಡಿಲಿ ಮಟ್ಟಕ್ಕೆ ಬಂದು, ಮತ್ತೆ ಪಿಕಡಿಲಿ ಎಸ್ಕಲೇಟರಿನಲ್ಲೇ ಮೇಲೇರಬೇಕಾಗಿತ್ತು.

1941ರಲ್ಲಿ, ಯುದ್ಧದ ನಡುವೆಯೇ, ಮೆಟ್ರೊಪಾಲಿಟನ್ ಪ್ಲಾಟ್‌ಫಾರ್ಮ್‌ಗಳನ್ನು ಹಳೆಯ ಜಾಗದಿಂದ ಪಶ್ಚಿಮಕ್ಕೆ, ಕೊಳವೆ ಮಾರ್ಗಗಳ ಹತ್ತಿರಕ್ಕೆ ತಂದರು. 1968ರಲ್ಲಿ ವಿಕ್ಟೋರಿಯಾ ಮಾರ್ಗ ಬಂತು, ಅದರ ಎಸ್ಕಲೇಟರುಗಳೂ ಅದೇ ಹಜಾರಕ್ಕೆ ಬಾಯಿ ತೆರೆದವು. ಹಳೆಯ ಪೇಟೆಯ ಮನೆಗೆ ಮಗ ಒಂದು ಕೋಣೆ, ಮೊಮ್ಮಗ ಒಂದು ಕೋಣೆ ಕೂಡಿಸಿದಂತೆ ನಿಲ್ದಾಣ ಬೆಳೆಯಿತು. ವ್ಯತ್ಯಾಸವಿಷ್ಟೆ, ಮನೆಯ ಗೋಡೆಯನ್ನು ಮನಸ್ಸು ಬಂದಾಗ ಕೆಡವಬಹುದು.

ಈಗ ಆಕ್ಷೇಪಗಳು. ಮೊದಲನೆಯವನು ಹೇಳುತ್ತಾನೆ: ಇದೆಲ್ಲ ಬಡತನದ ಕಥೆ. ಹಣವಿದ್ದರೆ, ಮನಸ್ಸಿದ್ದರೆ ಎಲ್ಲವನ್ನೂ ಹೊಸದಾಗಿ ಜೋಡಿಸಬಹುದು. ಇದೇ ನಿಲ್ದಾಣಕ್ಕೆ 2006ರಲ್ಲಿ ಪಶ್ಚಿಮದ ಟಿಕೆಟ್ ಹಜಾರ, 2009ರಲ್ಲಿ ಉತ್ತರದ ಟಿಕೆಟ್ ಹಜಾರ ಕಟ್ಟಲಿಲ್ಲವೇ?

ಕಟ್ಟಿದರು, ನಿಜ. ಎಲ್ಲಿ ಕಟ್ಟಿದರು ಎಂದು ನೋಡಬೇಕು. ಕಿಂಗ್ಸ್ ಕ್ರಾಸ್, ಸೇಂಟ್ ಪ್ಯಾಂಕ್ರಾಸ್ ಎರಡೂ ಬ್ರಿಟನ್ನಿನ ಸಂರಕ್ಷಿತ ಕಟ್ಟಡಗಳ ಮೊದಲ ದರ್ಜೆಯಲ್ಲಿವೆ, ಅವುಗಳ ಅಡಿಪಾಯವನ್ನು ಸುಲಭವಾಗಿ ಮುಟ್ಟುವಂತಿಲ್ಲ. ಪಶ್ಚಿಮದ ಹಜಾರ ಸೇಂಟ್ ಪ್ಯಾಂಕ್ರಾಸ್ ಮುಂದಿನ ಅಂಗಳದಡಿ ಸೇರಿಕೊಂಡಿತು, ಉತ್ತರದ್ದು ಕಿಂಗ್ಸ್ ಕ್ರಾಸ್‌ನ ಪಶ್ಚಿಮ ಮಗ್ಗುಲಿನ ತೆರವಿನಲ್ಲಿ. ಎರಡೂ ಹಿಂದಿನವರು ಅಗೆಯದೆ, ಕಟ್ಟದೆ ಬಿಟ್ಟ ಜಾಗಗಳು. ಪ್ಲಾಟ್‌ಫಾರ್ಮ್‌ಗಳು ಮಾತ್ರ ಒಂದಂಗುಲ ಕದಲಲಿಲ್ಲ. ಹಾಗಾಗಿ ಹೊಸ ಹಜಾರದಿಂದ ಹಳೆಯ ಪ್ಲಾಟ್‌ಫಾರ್ಮಿಗೆ ಉದ್ದುದ್ದ ಕಾಲುಹಾದಿಗಳು ಬೇಕಾದವು. ಇಂದಿನ ಪ್ರಯಾಣಿಕ ಶಪಿಸುತ್ತ ನಡೆಯುವುದು ಈ ಹಾದಿಗಳಲ್ಲೇ. ಹಣ ಹಜಾರಗಳನ್ನು ಕೊಟ್ಟಿತು, ಹತ್ತಿರವನ್ನು ಕೊಡಲಿಲ್ಲ. ದುಡ್ಡಿನಿಂದ ನೆಲದಡಿಯಲ್ಲಿ ಕೊಳ್ಳಬಹುದಾದದ್ದು ಇನ್ನೊಂದು ತೂತನ್ನು ಮಾತ್ರ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ, ಅದಕ್ಕೆ ನಿಧಾನವಾಗಿಯೇ ಉತ್ತರಿಸಬೇಕು. ಅನಾನುಕೂಲ ಬೇರೆ, ಅಪಾಯ ಬೇರೆ. ಅಪಾಯಗಳು ಮನುಷ್ಯರ ಉದಾಸೀನದಿಂದ ಬರುತ್ತವೆ, ನೀನು ಅದನ್ನು ನೆಲದ ಇತಿಹಾಸದ ತಲೆಗೆ ಕಟ್ಟಿ ತಪ್ಪಿತಸ್ಥರನ್ನು ಪಾರು ಮಾಡುತ್ತಿದ್ದೀಯೆ ಎಂಬ ಆರೋಪ ಇದು. ಆಕ್ಷೇಪಕನ ಮನಸ್ಸಿನಲ್ಲಿರುವುದು 1987ರ ನವೆಂಬರ್ 18ರ ಸಂಜೆ.

ಅಂದು ಏಳೂವರೆಯ ಹೊತ್ತಿಗೆ ಪಿಕಡಿಲಿ ಮಾರ್ಗದ ಎಸ್ಕಲೇಟರ್ ಒಂದರಲ್ಲಿ ಬೆಂಕಿ ಕಂಡಿತು. 1939ರ ಎಸ್ಕಲೇಟರ್, ಮೆಟ್ಟಿಲು ಮರದ್ದು, ಅಕ್ಕಪಕ್ಕದ ಹಲಗೆಯೂ ಮರದ್ದು. ಮೆಟ್ಟಿಲಿಗೂ ಪಕ್ಕದ ಹಲಗೆಗೂ ನಡುವೆ ಒಂದು ಸಣ್ಣ ಸಂದು. ಯಾರೋ ಸಿಗರೇಟು ಹೊತ್ತಿಸಿ ಎಸೆದ ಕಡ್ಡಿ ಆ ಸಂದಿನಿಂದ ಕೆಳಗೆ ಬಿತ್ತು. ಕೆಳಗೆ ಗಾಲಿಗಳು ಉರುಳುವ ಹಳಿಯ ಮೇಲೆ ವರ್ಷಗಳ ಗ್ರೀಸು, ಗ್ರೀಸಿಗೆ ಮೆತ್ತಿಕೊಂಡ ಬಟ್ಟೆಯ ನೂಲು, ಕೂದಲು, ಕಾಗದದ ಚೂರು. ನೆಲದಡಿಯ ನಿಲ್ದಾಣಗಳಲ್ಲಿ ಧೂಮಪಾನ 1985ರಲ್ಲೇ ನಿಷೇಧವಾಗಿತ್ತು, ಆದರೆ ಜನ ಎಸ್ಕಲೇಟರಿನಲ್ಲಿ ಮೇಲೇರುತ್ತಲೇ ಹೊತ್ತಿಸಿಕೊಳ್ಳುತ್ತಿದ್ದರು. ಮೊದಲು ಬಂದ ಅಗ್ನಿಶಾಮಕ ಸಿಬ್ಬಂದಿಗೆ ಕಂಡದ್ದು ಗಾಬರಿಪಡುವಂಥ ಬೆಂಕಿಯಲ್ಲ. 7:45ಕ್ಕೆ ಒಮ್ಮೆಲೇ ಜ್ವಾಲೆ ಮೇಲಿನ ಟಿಕೆಟ್ ಹಜಾರಕ್ಕೆ ಚಿಮ್ಮಿ ಅದನ್ನು ಕಪ್ಪು ಹೊಗೆಯಿಂದ ತುಂಬಿತು. 31 ಜನ ಸತ್ತರು. ಅವರಲ್ಲೊಬ್ಬರು ಸೋಹೊ ಅಗ್ನಿಶಾಮಕ ಠಾಣೆಯ ಅಧಿಕಾರಿ ಕಾಲಿನ್ ಟೌನ್‌ಸ್ಲಿ.

ಡೆಸ್ಮಂಡ್ ಫೆನೆಲ್ ಅವರ ವಿಚಾರಣಾ ವರದಿ ಮರುವರ್ಷ ಬಂತು. ಅದು ಆಡಳಿತವನ್ನು ಬಿಡಲಿಲ್ಲ, ನಾನೂ ಬಿಡುವುದಿಲ್ಲ. ಇಷ್ಟು ಹಳೆಯ ರೈಲುಜಾಲದಲ್ಲಿ ಆಗಾಗ ಬೆಂಕಿ ಕಾಣಿಸಿಕೊಳ್ಳುವುದು ಅನಿವಾರ್ಯ ಎಂಬ ಭಾವನೆ ಸಂಸ್ಥೆಯಲ್ಲಿ ಬೇರೂರಿತ್ತು. ಬೆಂಕಿ ಎನ್ನದೆ ಹೊಗೆಯಾಡುವಿಕೆ ಎಂದು ಕರೆದು ಸಮಾಧಾನಪಡುವ ಅಭ್ಯಾಸವೂ ಇತ್ತು. ಎಸ್ಕಲೇಟರ್ ಕೆಳಗೆ ನೀರಿನ ಮಂಜು ಸಿಂಪಡಿಸುವ ಉಪಕರಣ ಇದ್ದೂ ಅಂದು ಅದನ್ನು ಯಾರೂ ತಿರುಗಿಸಲಿಲ್ಲ. ಇದು ಉದಾಸೀನವಲ್ಲದೆ ಮತ್ತೇನು? ಆಕ್ಷೇಪದ ಅರ್ಧ ಭಾಗವನ್ನು ಹೀಗೆ ಒಪ್ಪಿಕೊಂಡೆ.

ಇನ್ನರ್ಧ ಉಳಿಯಿತು. ಕಡ್ಡಿ ಬೆಂಕಿಯನ್ನು ಹುಟ್ಟಿಸಿತು. ಎಸ್ಕಲೇಟರಿನಲ್ಲಿದ್ದ ಬೆಂಕಿ ಹಜಾರದಲ್ಲಿದ್ದವರನ್ನು ಕೊಂದದ್ದು ಹೇಗೆ? ಇದಕ್ಕೆ ವಿಜ್ಞಾನಿಗಳಿಗೇ ಉತ್ತರ ಗೊತ್ತಿರಲಿಲ್ಲ. ಹಾರ್ವೆಲ್ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಬೆಂಕಿಯನ್ನು ಲೆಕ್ಕ ಹಾಕಿ ನೋಡಿದರೆ ಜ್ವಾಲೆ ಮೇಲಕ್ಕೆ ಏಳುವ ಬದಲು ಮೆಟ್ಟಿಲುಗಳಿಗೆ ಅಂಟಿಕೊಂಡು ಮಲಗಿತ್ತು. ಬೆಂಕಿ ಮಲಗುವುದುಂಟೆ? ಲೆಕ್ಕದಲ್ಲೇ ಏನೋ ದೋಷವಿದೆ ಎಂದು ಹಲವರು ನಂಬಿದರು. ಆಮೇಲೆ ಅಳತೆ ತಗ್ಗಿಸಿದ ಎಸ್ಕಲೇಟರ್ ಮಾದರಿ ಕಟ್ಟಿ ಸುಟ್ಟು ನೋಡಿದಾಗ ಅದೇ ಕಂಡಿತು. 30 ಡಿಗ್ರಿ ಓರೆ, ಎರಡು ಬದಿಯಲ್ಲಿ ಹಲಗೆಯ ಗೋಡೆ. ಬಿಸಿ ಗಾಳಿ ಆ ಕಾಲುವೆಯೊಳಗೆ ಮೆಟ್ಟಿಲುಗಳನ್ನು ಸವರಿಕೊಂಡೇ ಮೇಲೇರಿ, ಮುಂದಿನ ಮರವನ್ನು ಮೊದಲೇ ಕಾಯಿಸಿ, ಕಾದದ್ದೆಲ್ಲ ಏಕಕಾಲಕ್ಕೆ ಹೊತ್ತಿ, ಜ್ವಾಲೆಯನ್ನು ಹಜಾರದೊಳಗೆ ಕಾರುತ್ತದೆ. ಕಂದಕ ಪರಿಣಾಮ ಎಂಬ ಹೆಸರು ಅಗ್ನಿಶಾಸ್ತ್ರಕ್ಕೆ ಸೇರಿದ್ದು ಹೀಗೆ. ಯಾರನ್ನು ದೂರುವುದು ಈ 30 ಡಿಗ್ರಿಗೆ? ಆಳದ ಕೊಳವೆಯಿಂದ ಮೇಲಿನ ಅಂಗಳಕ್ಕೆ ಜನರನ್ನು ತರಲು ಕೂಡಿಸಿದ ಓರೆದಾರಿ ಅದು. ಕೊಳವೆ ಆಳಕ್ಕೆ ಹೋದದ್ದಾದರೂ ಮೇಲಿನ ಪದರ ಮೊದಲೇ ಭರ್ತಿಯಾಗಿದ್ದರಿಂದ.

ಇಷ್ಟೇ ಅಲ್ಲ. ಪಿಕಡಿಲಿ ಎಸ್ಕಲೇಟರ್ ಉರಿಯುತ್ತಿದ್ದಾಗ ಕೆಳಗಿದ್ದ ಪ್ರಯಾಣಿಕರನ್ನು ಪೊಲೀಸರು ವಿಕ್ಟೋರಿಯಾ ಎಸ್ಕಲೇಟರಿನಿಂದ ಹೊರಗೆ ಕಳಿಸಿದರು. ಅವರು ಮಾಡಿದ್ದು ಸಹಜವಾದದ್ದೇ, ಉರಿಯುವ ದಾರಿ ಬಿಟ್ಟು ಉರಿಯದ ದಾರಿ ಹಿಡಿಸಿದರು. ಆದರೆ 1939ರ ದಾರಿಯೂ 1968ರ ದಾರಿಯೂ ತೆರೆದುಕೊಳ್ಳುತ್ತಿದ್ದುದು ಅದೇ ಹಜಾರಕ್ಕೆ. ನಕ್ಷೆಯಲ್ಲಿ ಎರಡು ದಾರಿಗಳು, ಬೆಂಕಿಗೆ ಒಂದೇ ಬಾಯಿ. ಇನ್ನೊಂದು ದಾರಿಯೂ ಇತ್ತು. 1863ರ ಕಂದಕದ ಬಳಿಯ ಹಳೆಯ ಹಳಿಗಳ ಮೇಲೆ 1983ರಿಂದ ನಡೆಯುತ್ತಿದ್ದ ಮಿಡ್‌ಲ್ಯಾಂಡ್ ಸಿಟಿ ಪ್ಲಾಟ್‌ಫಾರ್ಮ್‌ಗಳ ಕಡೆಯಿಂದ ಹೊರಬೀಳುವ ಕಾಲುಹಾದಿ. ಗಾಯಗೊಂಡ ಒಬ್ಬನನ್ನು ಕರೆದುಕೊಂಡು ಪೊಲೀಸರು ಅತ್ತ ಹೋದರೆ ಮಡಚುವ ಕಬ್ಬಿಣದ ಗೇಟಿಗೆ ಬೀಗ ಜಡಿದಿತ್ತು. ಆ ಕಡೆಯಿಂದ ಬಂದ ಕಸ ಗುಡಿಸುವವನೊಬ್ಬ ತೆಗೆದ ಮೇಲೆ ಅವರು ಪಾರಾದರು. ಬೀಗ ಹಾಕಿದ್ದು ಮನುಷ್ಯನ ಉದಾಸೀನ ಎನ್ನಿ, ಒಪ್ಪುತ್ತೇನೆ. ಆದರೆ ಒಂದೇ ನಿಲ್ದಾಣದೊಳಗೆ ಅಂಥ ಗೇಟು ಏಕಿತ್ತು? ಎರಡು ಕಾಲದಲ್ಲಿ ಎರಡು ಕಂಪನಿಗಳು ಅಗೆದ ಎರಡು ನಿಲ್ದಾಣಗಳು ಅಲ್ಲಿ ಸಂಧಿಸುತ್ತಿದ್ದವು. ಉದಾಸೀನ ಎಲ್ಲೆಂದರಲ್ಲಿ ಕೊಲ್ಲುವುದಿಲ್ಲ, ಬೆಸುಗೆ ಇರುವಲ್ಲಿ ಕೊಲ್ಲುತ್ತದೆ.

ಮೂರನೆಯವನು ನಮ್ಮೂರಿನವನೇ ಆಗಿರಬಹುದು. ಅವನ ವಾದ: ಲಂಡನ್ ಮುದಿ ಊರು, ತುಂಡು ತುಂಡಾಗಿ ಕಟ್ಟಿಕೊಂಡಿತು. ಈಗಿನ ಮೆಟ್ರೊಗಳನ್ನು ಹಾಗೆ ಕಟ್ಟುವುದಿಲ್ಲ. ನಮ್ಮ ಬೆಂಗಳೂರಿನ ಮೆಜೆಸ್ಟಿಕ್ ನೋಡು, ಎರಡು ಮಾರ್ಗಗಳ ಸಂಗಮ ಎಂದು ಮೊದಲೇ ಯೋಚಿಸಿ, ದೊಡ್ಡ ಗುಂಡಿ ತೆಗೆದು, ಒಂದರ ಮೇಲೊಂದು ಮಾರ್ಗ ಹಾಯುವಂತೆ ಕಟ್ಟಿದರು. 2016ರಲ್ಲಿ ನೇರಳೆ ಮಾರ್ಗ ಬಂತು, 2017ರಲ್ಲಿ ಹಸಿರು. ಎಸ್ಕಲೇಟರ್ ಹತ್ತಿ ಇಳಿದರೆ ಗಾಡಿ ಬದಲಾಯಿತು. ಇಲ್ಲಿ ಮೊದಲು ಅಗೆದವನು ಯಾರು?

ಮೊದಲು ಅಗೆದವನ ಹೆಸರು ಅಲ್ಲಿನ ಬಸ್ ನಿಲ್ದಾಣದ ಮೇಲೂ ಮೆಟ್ರೊ ನಿಲ್ದಾಣದ ಮೇಲೂ ಬರೆದಿದೆ: ಊರು ಕಟ್ಟಿದ ಕೆಂಪೇಗೌಡ. ಅಲ್ಲಿದ್ದದ್ದು ಅವನ ಕಾಲದ ಧರ್ಮಾಂಬುಧಿ ಕೆರೆ. ಊರು ಸುತ್ತಲೂ ಬೆಳೆದರೂ ನೀರಿದ್ದಷ್ಟು ಕಾಲ ಅಂಗಳದ ನಡುವೆ ಯಾರೂ ಮನೆ ಕಟ್ಟಲಿಲ್ಲ. ಕೆರೆ ಬತ್ತಿದ ಮೇಲೂ ಅದು ಬಯಲಾಗಿ ಉಳಿಯಿತು, ಬಯಲಿಗೆ ಬಸ್ಸು ಬಂದವು. ನಗರದ ನಟ್ಟನಡುವೆ ಮೇಲಿನಿಂದ ಅಷ್ಟು ದೊಡ್ಡ ಗುಂಡಿ ತೆಗೆಯಲು ಜಾಗ ಸಿಕ್ಕಿದ್ದು ಈ ಕೃಪೆಯಿಂದ. ಹಸಿರು ಮಾರ್ಗದ ಚಿಕ್ಕಪೇಟೆಯಲ್ಲಿ ಅಂಥ ಗುಂಡಿಯನ್ನು ಕಲ್ಪಿಸಿಕೊಂಡು ನೋಡಿ. ಲಂಡನ್ನಿನಲ್ಲೂ ಹೊಸ ನಿಲ್ದಾಣಗಳ ಮಾದರಿಯಾಗಿ ಎಲ್ಲರೂ ತೋರಿಸುವುದು 1999ರ ಕ್ಯಾನರಿ ವಾರ್ಫ್ ಅನ್ನು. ನಾರ್ಮನ್ ಫಾಸ್ಟರ್ ವಿನ್ಯಾಸ, ಚರ್ಚಿನಷ್ಟು ಎತ್ತರದ ಹಜಾರ, ಎಲ್ಲವೂ ನೇರ, ಎಲ್ಲವೂ ಸರಳ. ಅದನ್ನು ಕಟ್ಟಿದ್ದು ಹಡಗುಗಳು ನಿಲ್ಲುತ್ತಿದ್ದ ಹಳೆಯ ಹಡಗುಕಟ್ಟೆಯ ನೀರು ಬಸಿದು. ಕೆರೆಯಂಗಳ, ಹಡಗುಕಟ್ಟೆ: ಎರಡೂ ಕಡೆ ನೀರು ಜಾಗ ಕಾದಿಟ್ಟಿತ್ತು. ಹೊಸ ನಿಲ್ದಾಣ ಹಳೆಯ ಅಗೆತಕ್ಕೆ ಸಾಲಗಾರನಲ್ಲ ಎಂಬುದು ಎಲ್ಲಿ ಉಳಿಯಿತು? ಮೊದಲು ಅಗೆದವನು ಇಲ್ಲಿ ಉಪಕಾರಿ, ಅಲ್ಲಿ ಅಡ್ಡಿ. ಅಧಿಕಾರ ಎರಡೂ ಕಡೆ ಅವನದೇ.

ಕೊನೆಯ ಆಕ್ಷೇಪ ಸಿದ್ಧಾಂತದ ಫಲವನ್ನೇ ಕೇಳುತ್ತದೆ. ಎಲ್ಲವನ್ನೂ ಸತ್ತವರು ನಿರ್ಧರಿಸಿದ್ದರೆ ಬದುಕಿರುವ ಇಂಜಿನಿಯರಿಗೆ ಏನು ಕೆಲಸ? ಅವನ ಹೊಣೆ ಎಲ್ಲಿ ಉಳಿಯಿತು?

ಉಳಿಯಿತಷ್ಟೇ ಅಲ್ಲ, ಹೆಚ್ಚಾಯಿತು. ಚೌಕಾಸಿಗೂ ಜಾಣ್ಮೆ ಬೇಕು. ವಿಕ್ಟೋರಿಯಾ ಮಾರ್ಗ ಕಟ್ಟಿದವರು ಯೂಸ್ಟನ್, ಫಿನ್ಸ್‌ಬರಿ ಪಾರ್ಕ್, ಆಕ್ಸ್‌ಫರ್ಡ್ ಸರ್ಕಸ್‌ನಂಥ ನಿಲ್ದಾಣಗಳಲ್ಲಿ ಹೊಸ ಮಾರ್ಗದ ಪ್ಲಾಟ್‌ಫಾರ್ಮನ್ನು ಹಳೆಯ ಮಾರ್ಗದ್ದರ ಎದುರಿಗೇ ತಂದು ನಿಲ್ಲಿಸಿದರು. ಒಂದು ಗಾಡಿ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಇನ್ನೊಂದು ಗಾಡಿ. ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ಹಜಾರ ತೋಡಲು ಇಡೀ ಚೌಕದ ಮೇಲೆ 1963ರ ಆಗಸ್ಟಿನ ರಜಾದಿನಗಳಲ್ಲಿ ಉಕ್ಕಿನ ಕೊಡೆ ಹಾಸಿ, ಮೇಲೆ ಬಸ್ಸು ಓಡುತ್ತಿರುವಾಗಲೇ ಐದು ವರ್ಷ ಕೆಳಗೆ ಅಗೆದರು. ಕಿಂಗ್ಸ್ ಕ್ರಾಸ್‌ನಲ್ಲಿ ಎದುರುಬದುರಿನ ಅನುಕೂಲ ದಕ್ಕಲಿಲ್ಲ. ಎಲ್ಲಿ ದಕ್ಕುತ್ತದೆ, ಎಲ್ಲಿ ದಕ್ಕುವುದಿಲ್ಲ ಎಂದು ತಿಳಿಯಲು ಹಿಂದಿನವರ ಅಗೆತವನ್ನು ಇಂಚಿಂಚು ಓದಬೇಕು.

ಬೆಸುಗೆಗಳನ್ನು ಕಾಯುವುದು ಇನ್ನೊಂದು ಹೊಣೆ. ಫೆನೆಲ್ ವರದಿಯ 157 ಶಿಫಾರಸುಗಳಲ್ಲಿ ಒಂದೂ 1863ರ ಕಂದಕವನ್ನು ಸರಿಸಿ ಎನ್ನಲಿಲ್ಲ, ಅದು ಆಗುವ ಮಾತಲ್ಲ. ನೆಲದಡಿಯ ನಿಲ್ದಾಣಗಳ ಮರದ ಎಸ್ಕಲೇಟರುಗಳು ಹೋದವು, ಬೆಂಕಿಯನ್ನು ಗುರುತಿಸುವ, ನೀರು ಚಿಮ್ಮಿಸುವ ಏರ್ಪಾಟು ಬಂತು, ಸಿಬ್ಬಂದಿಗೆ ತರಬೇತಿ ಬಂತು, 1989ರಲ್ಲಿ ನೆಲದಡಿಯ ನಿಲ್ದಾಣಗಳಿಗೆಂದೇ ಅಗ್ನಿ ಮುನ್ನೆಚ್ಚರಿಕೆಯ ನಿಯಮಗಳು ಬಂದವು. ಕಿಂಗ್ಸ್ ಕ್ರಾಸ್‌ನ ಹೊಸ ಹಜಾರಗಳಿಗೆ ಅವಸರ ಬಂದದ್ದೂ ಆ ರಾತ್ರಿಯಿಂದಲೇ: ಇಷ್ಟು ಜನಕ್ಕೆ ಒಂದೇ ಬಾಯಿ ಸಾಲದು ಎಂಬುದು ಅಂದು ಗೊತ್ತಾಗಿತ್ತು. ಉದ್ದದ ಕಾಲುಹಾದಿಗಳನ್ನು ಶಪಿಸುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವು ದೂರದ ಹಜಾರಕ್ಕೆ ಹೋಗುವುದು ದೋಷವೂ ಹೌದು, ಬೇರೆ ಹಜಾರಕ್ಕೆ ಹೋಗುವುದು ರಕ್ಷಣೆಯೂ ಹೌದು.

ಹಾಗಿದ್ದರೆ ಬಳಕೆ ತಪ್ಪಿದ ಹಳೆಯ ಭಾಗಗಳನ್ನಾದರೂ ಮುಚ್ಚಿಬಿಟ್ಟು ನಕ್ಷೆಯನ್ನು ಸರಳ ಮಾಡಬಾರದೇ ಎಂದು ಒಬ್ಬ ಕೇಳಬಹುದು. ಬೀಗ ಹಾಕಿದ ಗೇಟಿನ ಮಿಡ್‌ಲ್ಯಾಂಡ್ ಸಿಟಿ ಪ್ಲಾಟ್‌ಫಾರ್ಮ್‌ಗಳು 1988ರಿಂದ ಥೇಮ್ಸ್‌ಲಿಂಕ್ ರೈಲುಗಳ ನಿಲ್ದಾಣವಾದವು. 2007ರಲ್ಲಿ ಆ ರೈಲುಗಳು ಸೇಂಟ್ ಪ್ಯಾಂಕ್ರಾಸ್ ಅಡಿಯ ಹೊಸ ಪ್ಲಾಟ್‌ಫಾರ್ಮ್‌ಗಳಿಗೆ ಹೋದ ಮೇಲೆ ಹಳೆಯದನ್ನು ಮುಚ್ಚಿದರು. ಪೆಂಟನ್‌ವಿಲ್ ರೋಡಿಗೆ ಹತ್ತುವ ಅದರ ದಾರಿಯನ್ನು ಮಾತ್ರ ಮುಚ್ಚದೆ ಭೂಗತ ರೈಲಿನ ಪ್ರಯಾಣಿಕರಿಗೆಂದು ಉಳಿಸಿಕೊಂಡರು.